ಕಪಾಟು ಮೊದಲು, ನೆಲ ಆಮೇಲೆ

ಇಸವಿ 1982, ಮಾರ್ಚ್ 8, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಬೆಟಗೇರಿಯ ಒಂದು ಮನೆಯಲ್ಲಿ ಅಪ್ಪ ಮಾಡಿಕೊಟ್ಟ ಕಪಾಟು ಒಲೆಕಟ್ಟೆಯ ಕೆಳಗೆ ಹೋಗಲಿಲ್ಲ. ಎತ್ತರ ಒಂದೂವರೆ ಇಂಚು ಹೆಚ್ಚಾಗಿತ್ತು.

ಆ ಅಳತೆ ತೆಗೆದವಳು ನಾನು. ಆಗ ನನಗೆ ಹತ್ತೊಂಬತ್ತು ವರ್ಷ. ನಮ್ಮದು ಹತ್ತಿ ಹಿಂಜುವ ಮನೆತನ. ಅಜ್ಜನ ಕಾಲಕ್ಕೇ ಗಾದಿ ತುಂಬಿಸುವವರು ಕಡಿಮೆಯಾಗಿದ್ದರಿಂದ ಅಪ್ಪ ಬಡಗಿತನ ಕಲಿತಿದ್ದ. ಹಲಗೆಯ ಮೇಲೆ ಅಂಗೈ ಎಳೆದರೆ ಗಂಟು ಎಲ್ಲಿದೆಯೆಂದು ಹೇಳುತ್ತಿದ್ದ. ಆದರೆ ನಲವತ್ತೈದು ದಾಟಿದ ಮೇಲೆ ಟೇಪಿನ ಸಣ್ಣ ಗೆರೆಗಳು ಅವನಿಗೆ ಕಾಣುತ್ತಿರಲಿಲ್ಲ. ಚಷ್ಮಾ ಹಾಕಿಕೊಳ್ಳಲು ನಾಚಿಕೆ. ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನ ಕೈಗೆ ಟೇಪು ಬಂದದ್ದು ಹಾಗೆ. ನಾನು ಅಳೆದು ಬರೆದುಕೊಳ್ಳುತ್ತಿದ್ದೆ, ಅಪ್ಪ ಕೊಯ್ಯುತ್ತಿದ್ದ. ಎರಡು ವರ್ಷ, ಹದಿನೇಳು ಅಡುಗೆಮನೆ, ಒಂದೂ ತಪ್ಪಿರಲಿಲ್ಲ.

ತಪ್ಪದಿರಲು ಕಾರಣ ಕಾವಿ ಗೆರೆ. ಹಳೆಯ ಮನೆಯ ಅಡುಗೆಮನೆಯನ್ನು ಹೊಸದು ಮಾಡುವಾಗ ನಮ್ಮ ಕಡೆ ಮೊದಲು ಬರುವವನು ಗೌಂಡಿ, ಕಲ್ಲು-ಗಾರೆ ಕೆಲಸದವನು. ಉದ್ದನೆಯ ಪೈಪಿನಲ್ಲಿ ನೀರು ತುಂಬಿ, ನಾಲ್ಕೂ ಗೋಡೆಗೆ ಒಂದೇ ಮಟ್ಟದಲ್ಲಿ ಗುರುತು ಮಾಡಿ, ಕಾವಿಯಲ್ಲಿ ಅದ್ದಿದ ದಾರವನ್ನು ಎಳೆದು ಬಿಟ್ಟರೆ ಗೋಡೆಯ ಮೇಲೆ ಕೆಂಪು ಗೆರೆ ಮೂಡುತ್ತದೆ. "ಇಲ್ಲಿಂದ ಮೂರು ಫೂಟ ಕೆಳಗ ನೆಲ ಬರತೈತಿ" ಎಂದು ಅವನು ಹೇಳಿದರೆ ಮುಗಿಯಿತು. ನೆಲ ಇನ್ನೂ ಆಗಿರುವುದಿಲ್ಲವಲ್ಲ, ಎಲ್ಲರೂ ಆ ಗೆರೆಯಿಂದಲೇ ಅಳೆಯಬೇಕು. ಎರಡನೆಯ ಗೆರೆ ಯಾರೂ ಹಾಕುವುದಿಲ್ಲ. ಹಾಕಿದರೆ ಗೌಂಡಿಯ ಮಾತಿಗೆ ಬೆಲೆ ಕೊಡಲಿಲ್ಲವೆಂದಾಗುತ್ತದೆ. ಆಮೇಲೆ ಒಲೆಕಟ್ಟೆ, ಆಮೇಲೆ ಮೊಸಾಯಿಕ್ ಹಾಸು, ನೀರು ಬಿಟ್ಟು ಉಜ್ಜುವ ಪಾಲಿಶ್, ಕಪಾಟು. ಎಲ್ಲ ಮುಗಿದ ಮೇಲೆ ಸುಣ್ಣ. ಸುಣ್ಣ ಕೊನೆಗೇ ಬರಬೇಕು, ಏಕೆಂದರೆ ಅದು ಗೆರೆಯನ್ನು ಅಳಿಸುತ್ತದೆ.

ಬೆಟಗೇರಿಯ ಆ ಮನೆಯಲ್ಲಿ ಸೋಮವಾರ ನಾವು ಕಪಾಟು ಹೊತ್ತುಕೊಂಡು ಹೋದಾಗ ಗೋಡೆಗಳು ಬೆಳ್ಳಗೆ ಹೊಳೆಯುತ್ತಿದ್ದವು. ಹಿಂದಿನ ಶುಕ್ರವಾರ ಮಧ್ಯಾಹ್ನ ಸುಣ್ಣ ಹೊಡೆಸಿದ್ದರು. ಶುಕ್ರವಾರ ಮಧ್ಯಾಹ್ನ ಅಪ್ಪ ನಮಾಜಿಗೆ ಹೋಗುತ್ತಾನೆ, ಆ ಹೊತ್ತಿನಲ್ಲಿ ನಾವಿಬ್ಬರೂ ಕೆಲಸದ ಮನೆಯ ಕಡೆ ಸುಳಿಯುವುದಿಲ್ಲ ಎಂಬುದು ನಮ್ಮ ಜೊತೆ ಕೆಲಸ ಮಾಡಿದವರಿಗೆಲ್ಲ ಗೊತ್ತಿತ್ತು.

ಮನೆಯ ಸಾವಕಾರರು ಕುರ್ಚಿ ಹಾಕಿಸಿಕೊಂಡು ಚಹಾ ಕುಡಿಯುತ್ತಿದ್ದರು. ಕಪಾಟು ಕಟ್ಟೆಯ ಬಾಯಿಗೆ ಬಂದು ನಿಂತಾಗ ನಕ್ಕರು.

"ಏನ್ ಮಿಸ್ತ್ರಿ, ಕಟ್ಟಿ ಎತ್ತಬೇಕೇನ ಈಗ?"

ಗೌಂಡಿ ಬಾಗಿಲಿಗೆ ಒರಗಿ ನಿಂತಿದ್ದ. ಐವತ್ತರ ಆಸುಪಾಸಿನವನು, ಒಳ್ಳೆಯ ಕೆಲಸಗಾರನೆಂದು ಹೆಸರು ಮಾಡಿದವನು. "ಹುಡಿಗಿ ಕೈಯಾಗ ಟೇಪ ಕೊಟ್ರ ಇಷ್ಟ ಆಗೋದ್ರಿ" ಎಂದ. "ಕೈಬಳಿ ಅಳತಿ ಬ್ಯಾರೆ, ಕಪಾಟಿನ ಅಳತಿ ಬ್ಯಾರೆ."

"ಗೆರಿಯಿಂದ ಮೂರು ಫೂಟ ಅಂತ ನೀವ ಹೇಳಿದ್ರಿ" ಎಂದೆ.

"ಎಲ್ಲೈತೆವ್ವಾ ಗೆರಿ? ತೋರ್ಸ ನೋಡೂಣ."

ನಾನು ಗೋಡೆಯ ಮೇಲೆ ಕೈ ಆಡಿಸಿದೆ. ಬೆರಳಿಗೆ ಸುಣ್ಣ ಹತ್ತಿತು. ಸಾವಕಾರರ ಜೊತೆ ಗೌಂಡಿಯೂ ನಕ್ಕ. ಅಪ್ಪ ನಗಲಿಲ್ಲ, ವಾದಿಸಲೂ ಇಲ್ಲ. ಕಪಾಟನ್ನು ತಲೆಕೆಳಗು ಮಾಡಿ, ಗರಗಸ ತರಲು ನನಗೆ ಹೇಳಿದ. "ಆತ ಬಿಡ್ರಿ, ನಮ್ಮ ತಪ್ಪ" ಎಂದು ಎಲ್ಲರ ಎದುರು ನಾಲ್ಕೂ ಕಾಲುಗಳನ್ನು ಒಂದೂವರೆ ಇಂಚಿನಂತೆ ಕೊಯ್ದ. ಹದಿಮೂರು ನಿಮಿಷ ಹಿಡಿಯಿತು. ಆ ನಾಲ್ಕು ತುಂಡುಗಳನ್ನು ನಾನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಈಗಲೂ ನನ್ನ ಟ್ರಂಕಿನಲ್ಲಿವೆ.

ನನ್ನ ಅಳತೆ ಸರಿಯಿತ್ತು. ಇದನ್ನು ಐದು ವರ್ಷಗಳಿಂದ ಹೇಳುತ್ತಿದ್ದೇನೆ. ಆ ಗೌಂಡಿ ನೆಲಕ್ಕೆ ಹಾಸಿದ್ದ ಹಳೆಯ ಫರಸಿಕಲ್ಲುಗಳನ್ನು ಕೀಳದೆ ಅವುಗಳ ಮೇಲೆಯೇ ಹೊಸ ಹಾಸು ಹಾಸಿದ್ದ. ಕೀಳುವುದು ಎರಡು ದಿನದ ಮೈಮುರಿಯುವ ಕೆಲಸ. ಕೀಳದಿದ್ದರೆ ನೆಲ ಕಲ್ಲಿನ ದಪ್ಪದಷ್ಟು ಮೇಲೆ ಬರುತ್ತದೆ, ಕಟ್ಟೆಯ ಕೆಳಗಿನ ಜಾಗ ಅಷ್ಟು ಕಡಿಮೆಯಾಗುತ್ತದೆ. ಆದರೆ ಮೊಸಾಯಿಕ್ ಕೆಳಗೆ ಏನಿದೆಯೆಂದು ಯಾರು ನೋಡುತ್ತಾರೆ? ಎಲ್ಲರೂ ನೋಡಿದ್ದು ಒಳಗೆ ಹೋಗದ ಕಪಾಟನ್ನು.

ಮಾತು ಬೇಗ ಹಬ್ಬಿತು. ಮುಂಡರಗಿಯಲ್ಲಿ ಎರಡು ಅಡುಗೆಮನೆಗಳ ಕೆಲಸ ಒಪ್ಪಿಕೊಂಡಿದ್ದೆವು. ಒಂದು ಮನೆಯವರು ಬೇರೆ ಬಡಗಿಯನ್ನು ಕರೆದರು. ಹಿರೇಹಂದಿಗೋಳದ ನಮ್ಮ ನೆಂಟರೇ "ಕಪಾಟ ಬೇಕು, ಆದ್ರ ಹುಡಿಗಿ ಅಳಿಯಾಕ ಬರೋದು ಬ್ಯಾಡ" ಎಂದು ಹೇಳಿ ಕಳಿಸಿದರು. ಇವನ್ನು ಸಹಿಸಬಹುದಿತ್ತು. ಸಹಿಸಲಾಗದ್ದು ಮುಂಡರಗಿಯ ಉಳಿದ ಒಂದು ಮನೆಯಲ್ಲಿ ನಡೆಯಿತು. ನಾನು ಅಳೆದು ಬರೆದು ಎದ್ದೆ. ಅಪ್ಪ ಕಿಸೆಯಿಂದ ಹೊಸ ಚಷ್ಮಾ ತೆಗೆದು ಹಾಕಿಕೊಂಡು, ನನ್ನ ಕೈಯಿಂದ ಟೇಪು ತೆಗೆದುಕೊಂಡು, ಅದೇ ಜಾಗವನ್ನು ಮತ್ತೊಮ್ಮೆ ಅಳೆದ. ಟೇಪನ್ನು ಮತ್ತೆ ನನಗೇ ಕೊಟ್ಟ.

ಆ ದಿನ, ಅಳತೆ ಬರೆದುಕೊಳ್ಳುವ ನನ್ನ ದಿನಚರಿಯ ಕೊನೆಯ ಪುಟದಲ್ಲಿ ಒಂದು ಗೀಟು ಎಳೆದೆ. ಅಪ್ಪ ನನ್ನ ಹಿಂದೆ ಅಳೆದಾಗಲೆಲ್ಲ ಒಂದು ಗೀಟು, ಐದಕ್ಕೊಂದು ಅಡ್ಡಗೀಟು. ಗೌಂಡಿಯ ಮೇಲಿನ ಸಿಟ್ಟು ಆ ಪುಟದಲ್ಲಿ ಬೆಳೆಯಿತು. ಅಪ್ಪ ಚಷ್ಮಾ ತೆಗೆದಿಟ್ಟು ಮೊದಲಿನಂತೆ ನನ್ನ ಅಳತೆಯನ್ನು ಕಣ್ಣುಮುಚ್ಚಿ ನಂಬಬೇಕು. ಅದಕ್ಕೆ ಆ ಮನುಷ್ಯ ಎಲ್ಲರೆದುರು ತಪ್ಪಿತಸ್ಥನಾಗಬೇಕು. ನನಗೆ ಬೇಕಾದದ್ದು ಇಷ್ಟೇ.

ಹದಿನೇಳು ಅಡುಗೆಮನೆಗಳ ಟಿಪ್ಪಣಿಗಳನ್ನು ತೆಗೆದು ಕುಳಿತೆ. ಎರಡರಲ್ಲಿ ನೆಲದ ಕೆಲಸವೇ ಇರಲಿಲ್ಲ. ಉಳಿದ ಹದಿನೈದರಲ್ಲಿ ನೆಲ ಮೊದಲು, ಕಪಾಟು ಆಮೇಲೆ. ಆ ಹದಿನೈದರಲ್ಲಿ ಒಂಬತ್ತು ಕಡೆ ಏನಾದರೊಂದು ತಕರಾರು ಬಂದಿತ್ತು: ಗೋಡೆ ಸೊಟ್ಟ, ನೆಲದ ಇಳಿಜಾರು ಹೆಚ್ಚು, ಕಟ್ಟೆ ತಗ್ಗು. ಎಂಟು ಕಡೆ ಬೈಸಿಕೊಂಡವನು ಬಡಗಿ. ತಪ್ಪು ಯಾರದಾದರೂ ಇರಲಿ, ಕೊನೆಗೆ ಬಂದವನ ಕೈಯಲ್ಲಿ ಅದು ಕಾಣಿಸುತ್ತದೆ. ಹಾಗಿದ್ದರೆ ಗೌಂಡಿಯೇ ಕೊನೆಗೆ ಬರಬೇಕು. ಕಪಾಟು ಮೊದಲು ಕೂರಬೇಕು, ನೆಲ ಆಮೇಲೆ ಬರಬೇಕು.

ಇಪ್ಪತ್ತು ತಿಂಗಳು ಕಾದೆ. 1983ರ ನವೆಂಬರಿನಲ್ಲಿ ಲಕ್ಷ್ಮೇಶ್ವರದ ಒಂದು ಕಾಳುಕಡಿ ವ್ಯಾಪಾರಸ್ಥರ ಮನೆಯಿಂದ ಕರೆ ಬಂತು. ಗೌಂಡಿ ಯಾರೆಂದು ಕೇಳಿದಾಗ ಅಪ್ಪನ ಮುಖ ಬಾಡಿತು. "ಬ್ಯಾಡ ಬಿಡವಾ, ಆ ಮನಶ್ಯಾನ ಜೋಡಿ" ಎಂದ. ನಾನೇ ಒತ್ತಾಯ ಮಾಡಿ ಒಪ್ಪಿಸಿದೆ.

ನವೆಂಬರ್ 12, ಶನಿವಾರ ಗೌಂಡಿ ಗೆರೆ ಹಾಕಿದ. ಅವನು ಕೈ ತೊಳೆಯಲು ಹೋದಾಗ ಮೊದಲಿನಿಂದ ಇದ್ದ ಒಲೆಕಟ್ಟೆಯ ಮೂಲೆಯಲ್ಲಿ ಒಂದು ಗೇಣಿನಷ್ಟು ಗೆರೆಯ ಮೇಲೆ ಪತ್ರಿಕೆಯ ಚೂರನ್ನು ಹಿಟ್ಟಿನ ಅಂಟಿನಿಂದ ಅಂಟಿಸಿದೆ. ಮನೆಯೊಡತಿಯ ಕೈಯಿಂದಲೇ ಅದರ ಮೇಲೆ ತಾರೀಖು ಬರೆಸಿದೆ. ಅವರು ಯಾಕೆಂದು ಕೇಳಿದರು. "ಸುಣ್ಣದವರು ಬಂದ್ರ ಇಷ್ಟು ಬಿಟ್ಟು ಹೊಡೀಲಿ ಅಂತ್ರಿ" ಎಂದೆ. ಅದು ನಿಜ.

ಅದರ ನಂತರ ಹೇಳಿದ ಎರಡು ಮಾತು ನಿಜವಲ್ಲ. ಮನೆಯೊಡತಿಗೆ ಜಿರಲೆ ಎಂದರೆ ಆಗದು. "ಕಪಾಟ ಮೊದಲ ಕುಂಡ್ರಿಸಿ ನೆಲ ಅದಕ್ಕ ಹತ್ತಿಸಿದ್ರ ಸಂದ್ಯಾಗ ಒಂದ ಜಿರ್ಲಿ ಬರಾಂಗಿಲ್ರೀ ಅವ್ವಾರ. ಪಾಲಿಶ್ ನೀರಿಂದ ಏನೂ ಆಗಾಂಗಿಲ್ಲ ಅಂತ ನಮ್ಮಪ್ಪ ಹೇಳ್ಯಾನ್ರಿ" ಎಂದೆ. ಅಪ್ಪ ಅಂಥದ್ದೇನೂ ಹೇಳಿರಲಿಲ್ಲ. ಅಪ್ಪನ ಹತ್ತಿರ ಬಂದು, ಕಪಾಟು ಮೊದಲೇ ಕೂರಬೇಕೆಂದು ಮನೆಯೊಡತಿ ಹಟ ಹಿಡಿದಿದ್ದಾರೆ ಎಂದೆ.

"ಪಾಲಿಶ್ ನೀರು ಕುಡದ್ರ ಕಟಗಿ ಉಬ್ಬತೈತಿ. ಅವರಿಗೆ ತಿಳಿಸಿ ಹೇಳಿದಿಲ್ಲ?" ಎಂದು ಅಪ್ಪ ಕೇಳಿದ.

"ಹೇಳೇನಿ. ಕೇಳವಲ್ರು."

ಹಲಗೆಗಳನ್ನು ಅಪ್ಪ ಮೊದಲೇ ಸಿದ್ಧಮಾಡಿಟ್ಟಿದ್ದ. ನವೆಂಬರ್ 14, ಸೋಮವಾರ ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಕಪಾಟು ಕೂರಿಸಲು ಶುರುಮಾಡಿದೆವು. ಬಾಗಿಲುಗಳ ಕೆಳ ಅಂಚು ಗೆರೆಯಿಂದ ಮೂರು ಅಡಿಗೆ ಕಾಲಿಂಚು ಮೇಲೆ, ಅಂದರೆ ನೆಲ ಹೇಳಿದ ಮಟ್ಟಕ್ಕೆ ಬಂದರೆ ಕಾಲಿಂಚು ಸಂದು. ಗೌಂಡಿ ಬಂದು ನೋಡಿ ಸೊಂಟದ ಮೇಲೆ ಕೈಯಿಟ್ಟ.

"ಹಿಂಗ ಎಲ್ಲೆರ ಮಾಡ್ತಾರೇನ್ರಿ ಅವ್ವಾರ? ಉಂಡ ಕೈ ತೊಳಕೊಂಡ ಮ್ಯಾಲೆ ಅನ್ನಕ್ಕ ಇಟ್ಟಂಗ ಆತು."

"ನನ್ನ ಅಡಗಿ ಮನಿ. ನಾ ಹೇಳಿದಂಗ ಮಾಡ್ರಿ" ಎಂದು ಅವರು ಒಳಗೆ ಹೋದರು.

ಕಪಾಟಿಗೆ ಗೋಣಿತಾಟು ಸುತ್ತಿ ಹುರಿಯಿಂದ ಬಿಗಿದು ಕಟ್ಟಿದೆ. ರಾಡಿ ಸಿಡಿಯಬಾರದು ಎಂದು ಎಲ್ಲರಿಗೂ ಹೇಳಿದೆ. ತಾಟು ಕಟ್ಟಿದ್ದರಿಂದ ಕೆಲಸ ಮುಗಿಯುವವರೆಗೆ ಯಾರೂ ಬಾಗಿಲು ತೆರೆದು ನೋಡುವಂತಿರಲಿಲ್ಲ.

ನವೆಂಬರ್ 18, ಶುಕ್ರವಾರ. ಅಪ್ಪ ನಮಾಜಿಗೆ ಹೋಗಿದ್ದ. ನಾನು ಈ ಸಲ ಹಿತ್ತಿಲ ಬಾಗಿಲಲ್ಲೇ ಕುಳಿತಿದ್ದೆ. ಆ ಅಡುಗೆಮನೆಯಲ್ಲಿ ಹಳೆಯ ಫರಸಿ ನಲವತ್ತೆರಡು ಎಂದು ಮೊದಲೇ ಎಣಿಸಿ ಇಟ್ಟಿದ್ದೆ. ಗೌಂಡಿ ಮೂಲೆಯ ನಾಲ್ಕನ್ನು ಮಾತ್ರ ಕಿತ್ತು, ಬಂದುಹೋಗುವವರಿಗೆ ಕಾಣುವಂತೆ ಹಿತ್ತಿಲ ಗೋಡೆಗೆ ಒರಗಿಸಿದ. ಉಳಿದ ಮೂವತ್ತೆಂಟರ ಮೇಲೆ ಗಾರೆ ಸುರುವಿದ. ನೆಲ ನನ್ನ ಕಣ್ಣೆದುರೇ ಕಪಾಟಿನ ಬಾಗಿಲುಗಳ ಅಂಚನ್ನು ದಾಟಿ ಮೇಲೆ ಬಂತು.

ಆಗಲೇ ಹೇಳಬಹುದಿತ್ತು. ಗಾರೆ ಹಸಿಯಾಗಿತ್ತು, ಅರ್ಧ ದಿನದ ಕೆಲಸದಲ್ಲಿ ಸರಿಹೋಗುತ್ತಿತ್ತು. ನಾನು ಹೇಳಲಿಲ್ಲ. ಅವನು ಹಾಸು ಮುಗಿಸಲಿ, ಒಂದು ವಾರ ನೀರುಣಿಸಲಿ, ಪಾಲಿಶ್ ಮಾಡಲಿ, ಕನ್ನಡಿಯಂತೆ ಹೊಳೆಯುವ ನೆಲವನ್ನು ಮನೆಯವರಿಗೆ ತೋರಿಸಿ ಮೀಸೆ ತೀಡಲಿ, ಆಮೇಲೆ. ಹನ್ನೆರಡು ದಿನ ಬಾಯಿ ಮುಚ್ಚಿಕೊಂಡಿದ್ದೆ. ದಿನಚರಿಯಲ್ಲಿ "42ರಲ್ಲಿ 4" ಎಂದು ಮಾತ್ರ ಇದೆ.

28 ಮತ್ತು 29ರಂದು ಪಾಲಿಶ್ ಯಂತ್ರ ತಿರುಗಿತು. ಬೂದು ರಾಡಿ ಕಪಾಟಿನ ಬುಡಕ್ಕೆ ಬಂದು ನಿಲ್ಲುತ್ತಿದ್ದುದನ್ನು ನೋಡಿದೆ. ಹೆಚ್ಚುವರಿ ತಾಟು ತುರುಕಿದೆ.

ನವೆಂಬರ್ 30, ಬುಧವಾರ, ಬೆಳಿಗ್ಗೆ ಹನ್ನೊಂದು. ಮನೆಯೊಡತಿ, ಅವರ ಯಜಮಾನರು, ಅಪ್ಪ, ಗೌಂಡಿ, ಎಲ್ಲರೂ ಇದ್ದರು. ಹುರಿ ಬಿಚ್ಚಿ ತಾಟು ತೆಗೆದೆ.

"ಅವ್ವಾರ, ನೀವ ಕೈಯಾರೆ ತಗೀರಿ."

ಅವರು ಹಿಡಿ ಜಗ್ಗಿದರು. ಬಾಗಿಲು ಅಲುಗಲಿಲ್ಲ. ಎರಡನೆಯದನ್ನು ಜಗ್ಗಿದರು. ಮೂರನೆಯದು. ಬಾಗಿಲುಗಳ ಬುಡ ಹೊಳೆಯುವ ನೆಲದೊಳಗೆ ಹೂತಿತ್ತು.

ಗೌಂಡಿ ತಡಮಾಡಲಿಲ್ಲ. "ನಾ ಮೊದಲ ಹೇಳಿದ್ದಿಲ್ಲೇನ್ರಿ? ಕಪಾಟ ತಗ್ಗ ಕುಂಡ್ರಿಸ್ಯಾರ. ಅಳತಿ ಯಾರ ತಗದಾರ ನೋಡ್ರಿ ಒಂಚೂರು."

ನಾನು ಗೋಡೆಯ ಮೇಲಿನ ಪತ್ರಿಕೆಯ ಚೂರನ್ನು ತೋರಿಸಿದೆ. "ಈ ಅಕ್ಷರ ನಿಮ್ಮದಲ್ರೀ ಅವ್ವಾರ?" ಅವರು ಹೌದೆಂದರು. ಒದ್ದೆ ಅರಿವೆಯಿಂದ ನೆನೆಸಿ ಸುಲಿದೆ. ಉಳಿದ ಕಡೆ ಗಾರೆ, ರಾಡಿ ತಾಗಿ ಮಾಸಿದ್ದ ಕಾವಿ ಗೆರೆ ಅಲ್ಲಿ ಹಾಕಿದ ದಿನದಷ್ಟೇ ಕೆಂಪಗಿತ್ತು. ಟೇಪನ್ನು ನಾನು ಹಿಡಿಯಲಿಲ್ಲ, ಅಪ್ಪನಿಗೆ ಕೊಟ್ಟೆ. ಅವನು ಚಷ್ಮಾ ಹಾಕಿಕೊಂಡು ಗೆರೆಯಿಂದ ನೆಲದವರೆಗೆ ಇಳಿಬಿಟ್ಟು, ನಿಧಾನವಾಗಿ ಓದಿದ.

"ಎರಡು ಫೂಟ ಹತ್ತೂವರಿ ಇಂಚು."

"ಮೂರು ಫೂಟ ಅಂದಿದ್ರೆಲ್ಲ ಗೌಂಡ್ಯಾರ?" ಎಂದರು ಯಜಮಾನರು.

ಹೊಸ್ತಿಲ ಹತ್ತಿರದ ಒಂದು ಹಾಸುಬಿಲ್ಲೆಯನ್ನು ಅವನ ಕೈಯಿಂದಲೇ ಒಡೆಸಿದರು. ಗಾರೆಯ ಕೆಳಗೆ ಹಳೆಯ ಫರಸಿ ತನ್ನ ಜಾಗದಲ್ಲೇ ಕುಳಿತಿತ್ತು. ಬೆಟಗೇರಿಯಿಂದ ತಂದ ನಾಲ್ಕು ತುಂಡುಗಳಲ್ಲಿ ಒಂದನ್ನು ಚೀಲದಿಂದ ತೆಗೆದು ಕಲ್ಲಿನ ಪಕ್ಕಕ್ಕೆ ಇಟ್ಟೆ. ಎರಡರ ದಪ್ಪವೂ ಒಂದೇ. ನಂತರ ಇಪ್ಪತ್ತು ತಿಂಗಳಿನಿಂದ ಬಾಯಿಪಾಠ ಮಾಡಿಟ್ಟಿದ್ದ ಮಾತು ಹೇಳಿದೆ.

"ಗೌಂಡ್ಯಾರ ಕೈಯಾಗ ಟೇಪ ಕೊಟ್ರ ಇಷ್ಟ ಆಗೋದ್ರಿ."

ಯಜಮಾನರು ನಕ್ಕರು. ಅಪ್ಪ ನಗಲಿಲ್ಲ. ಆದರೆ ಚಷ್ಮಾ ತೆಗೆದು, ಅದರ ಡಬ್ಬಿಗೆ ಹಾಕಿ, ಡಬ್ಬಿಯನ್ನು ಉಳಿಪೆಟ್ಟಿಗೆಯ ತಳಕ್ಕೆ ಇಟ್ಟ. ನನಗೆ ಬೇಕಾದದ್ದು ಅದೇ.

ಗೌಂಡಿ ಇಡೀ ನೆಲವನ್ನು ಕಿತ್ತು ಮತ್ತೆ ಹಾಸಬೇಕಾಯಿತು. ನಾನು ಐದು ದಿನವೂ ಶಿರಹಟ್ಟಿ ಮೇಲೆ ಹೋಗುವ ಬಸ್ಸು ಹಿಡಿದು ಹೋಗಿ, ಹಿತ್ತಿಲ ಬಾಗಿಲಲ್ಲಿ ಕುಳಿತು ಎಣಿಸಿದೆ. ಒಟ್ಟು ಹಾಸುಬಿಲ್ಲೆ ನೂರ ಎಪ್ಪತ್ತೆರಡು, ಅದರಲ್ಲಿ ಒಡೆಯದೆ ಬಂದವು ಮೂವತ್ತೊಂದು, ಫರಸಿ ಮೂವತ್ತೆಂಟು. ಅವನು ಬೆನ್ನು ನೆಟ್ಟಗೆ ಮಾಡಲು ಎದ್ದಾಗಲೆಲ್ಲ ನಾನು ಪುಸ್ತಕದಲ್ಲಿ ಏನೋ ಬರೆದುಕೊಂಡಂತೆ ಮಾಡುತ್ತಿದ್ದೆ. ಅದು ಅವನಿಗೆ ಚುಚ್ಚುತ್ತದೆಂದು ಗೊತ್ತಿತ್ತು. "ಇವತ್ತು ಸಂತೋಷ" ಎಂದು ಐದೂ ದಿನ ಬರೆದಿದ್ದೇನೆ. ಅದನ್ನು ಹೊಡೆದುಹಾಕುವ ಮನಸ್ಸಿಲ್ಲ.

ಕೊನೆಯ ದಿನ ಅವನು ಕೈ ಒರೆಸಿಕೊಂಡು ಬಂದು ಅಪ್ಪನ ಎದುರು ನಿಂತ.

"ಇಲ್ಲಿದು ನಂದ ತಪ್ಪ, ಮಿಸ್ತ್ರಿ. ಹೆಣತಿಗೆ ಆರಾಮಿದ್ದಿಲ್ಲ, ಜಲ್ದಿ ಮುಗಿಸಿ ಹೋಗೂಣಂತ ಮಾಡ್ದೆ. ಆದ್ರ ಬೆಟಗೇರಿದು ನಂದಲ್ಲ. ಅಲ್ಲಿ ಫರಸಿ ಕಿತ್ತೇನಿ. ಸುಣ್ಣಾನೂ ನಾ ಹೊಡಸಿಲ್ಲ."

"ಮತ್ತ ಈ ತುಂಡು?" ಎಂದೆ ನಾನು. "ಸರೀ ಒಂದೂವರಿ ಇಂಚ ಐತಿ."

"ಎಲ್ಲಾ ಫರಸೀನೂ ಒಂದೂವರಿ ಇಂಚ ಇರತಾವ ತಂಗಿ. ತಪ್ಪೂ ಅಷ್ಟ ಇರಬಹುದು."

ಹಸಿ ಸುಳ್ಳು ಎಂದು ಬರೆದುಕೊಂಡೆ. ಅಪ್ಪ ಗೌಂಡಿಯ ಮಾತನ್ನು ಕೇಳಿಸಿಕೊಂಡ.

ಚಷ್ಮಾ ಡಬ್ಬಿ ಸೇರಿದ ಮೇಲಿನ ನಲವತ್ತು ದಿನ ಕೊನೆಯ ಪುಟದಲ್ಲಿ ಒಂದೂ ಗೀಟಿಲ್ಲ. ಲೆಕ್ಕ ನಲವತ್ತೇಳಕ್ಕೆ ನಿಂತಿತ್ತು. ಗದಗಿನಲ್ಲಿ ಎರಡು ಅಡುಗೆಮನೆ ಅಳೆದೆ. ನಾನು ಬರೆದದ್ದನ್ನು ಅಪ್ಪ ನನ್ನ ಬಾಯಿಂದ ಕೇಳಿ ಹಾಗೆಯೇ ಕೊಯ್ದ. ಹಿರೇಹಂದಿಗೋಳದವರು ಹುಡುಗಿಯೂ ಬರಲಿ ಎಂದು ಹೇಳಿ ಕಳಿಸಿದರು. ಡಿಸೆಂಬರ್ 13 ಮತ್ತು 14ರಂದು ಲಕ್ಷ್ಮೇಶ್ವರದಲ್ಲಿ ಹೊಸ ನೆಲಕ್ಕೆ ಎರಡನೆಯ ಸಲ ಪಾಲಿಶ್ ಆಯಿತು. ಆಗ ನಾನು ಹೋಗಲಿಲ್ಲ. ನನ್ನ ಕೆಲಸ ಮುಗಿದಿತ್ತು.

1984, ಜನವರಿ 9, ಸೋಮವಾರ. ಕಪಾಟಿನ ಬಾಗಿಲು ಮತ್ತೆ ಬಿಗಿಯುತ್ತಿದೆ ಎಂದು ಲಕ್ಷ್ಮೇಶ್ವರದಿಂದ ಖಬರು ಬಂದು, ಇಬ್ಬರೂ ಹೋದೆವು. ಈ ಸಲ ನೆಲದ ತಪ್ಪಲ್ಲ. ಎರಡು ಸಲದ ಪಾಲಿಶ್ ನೀರು ಕುಡಿದು ಕಪಾಟಿನ ಬುಡವೆಲ್ಲ ಉಬ್ಬಿತ್ತು. ತಳದ ಹಲಗೆ ಬಾಗಿ ನಡುವೆ ಸೀಳಿತ್ತು. ಅಪ್ಪ ಮೊಣಕಾಲೂರಿ ಕುಳಿತು ಅದರ ಮೇಲೆ ಅಂಗೈ ಎಳೆದ. ಅವನು ಆರಿಸಿ ತಂದ ಸಾಗವಾನಿ ಅದು.

"ಅದಕ್ಕ ಮಗಳ ಕಡೆ ಹೇಳಿಸಿದ್ನೆವ್ವಾ, ಕಪಾಟ ಮೊದಲ ಬ್ಯಾಡ ಅಂತ" ಎಂದು ಮನೆಯೊಡತಿಗೆ ಹೇಳಿದ.

ಅವರು ಬೆರಗಾದರು. "ನಾ ಎಲ್ಲಿ ಕೇಳಿದ್ನೋ ಮಾರಾಯ? ನಿನ್ನ ಮಗಳ ಹೇಳಿದ್ಲು, ಜಿರ್ಲಿ ಬರಾಂಗಿಲ್ಲ ಅಂತ. ನೀರಿಂದ ಏನೂ ಆಗಾಂಗಿಲ್ಲ ಅಂತ ನೀನ ಅಂದೀ ಅಂದ್ಲಲ್ಲ."

ಅಪ್ಪ ನನ್ನ ಕಡೆ ತಿರುಗಲಿಲ್ಲ. ತಳದ ಹಲಗೆಯನ್ನು ಬಿಚ್ಚಿದ. ಹೊಸದನ್ನು ಹಾಕಿಕೊಡುತ್ತೇನೆ ಎಂದ. ಅಳತೆ ಬೇಕಾಯಿತು. ನಾನು ಟೇಪು ಹಿಡಿದು ಉದ್ದ, ಅಗಲ ಓದಿ ಹೇಳಿದೆ. ಅವನು ಉಳಿಪೆಟ್ಟಿಗೆಯ ತಳದಿಂದ ಚಷ್ಮಾದ ಡಬ್ಬಿ ತೆಗೆದ.

ನಲವತ್ತೆಂಟು.

ಬಸ್ಸಿನಲ್ಲಿ ಬರುವಾಗ ಕೇಳಿದ ಮಾತು ಒಂದೇ. "ನೆಲ ಮ್ಯಾಲೆ ಬರೋದು ನಿನಗ ಯಾವಾಗ ಗೊತ್ತಾತು?" ಶುಕ್ರವಾರವೇ ಎಂದೆ. ಸುಳ್ಳು ಹೇಳಲಿಲ್ಲ. ಅವನು ಬೆರಳು ಮಡಚಿ ದಿನ ಎಣಿಸಿದ. ಆಮೇಲೆ ಮುಖವನ್ನು ಕಿಟಕಿಯ ಕಡೆ ಮಾಡಿದ.

ಫೆಬ್ರುವರಿ 2ರಂದು ಶಿರಹಟ್ಟಿಯಲ್ಲಿ ನಲವತ್ತೊಂಬತ್ತು, ಐವತ್ತು. ಅವನು ಬೈಯಲಿಲ್ಲ, ಟೇಪನ್ನು ಕಸಿದುಕೊಳ್ಳಲೂ ಇಲ್ಲ. ಪ್ರತಿ ಸಲ ನಾನು ಅಳೆಯುತ್ತೇನೆ, ನನ್ನ ಹಿಂದೆ ಅವನು ಅಳೆಯುತ್ತಾನೆ. ಒಂದು ಸಲವೂ ವ್ಯತ್ಯಾಸ ಬಂದಿಲ್ಲ. ಈಗ 1987. ನಿನ್ನೆಗೆ ನೂರ ಎಪ್ಪತ್ತಾರು.

ನಾನು ಎರಡು ಸುಳ್ಳು ಹೇಳಿದ್ದು ಹೌದು. ಹನ್ನೆರಡು ದಿನ ಸುಮ್ಮನಿದ್ದದ್ದೂ ಹೌದು. ಅವನು ನನ್ನನ್ನು ನಂಬದಿರಲು ಈಗ ಅವನ ಹತ್ತಿರ ಕಾರಣವಿದೆ, ಅದನ್ನು ಕೊಟ್ಟವಳು ನಾನೇ. ಆದರೆ ಬೆಟಗೇರಿಯ ಅಳತೆಯಲ್ಲಿ ಸುಳ್ಳಿರಲಿಲ್ಲ. ಆ ಎರಡನ್ನೂ ಅಪ್ಪ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದಾನೆ. ನನಗೆ ಅದನ್ನು ಬಿಡಿಸಬೇಕಾಗಿದೆ. ಆ ಗೌಂಡಿಯ ಮೇಲಿನ ಸಿಟ್ಟೂ ಇಳಿದಿಲ್ಲ. ಲಕ್ಷ್ಮೇಶ್ವರದ ನೆಲವನ್ನು ಅವನು ಒಡೆದದ್ದು ಲಕ್ಷ್ಮೇಶ್ವರದ ತಪ್ಪಿಗೆ. ಬೆಟಗೇರಿಯದು ಹಾಗೆಯೇ ಉಳಿದಿದೆ.

ಆ ಮನೆಯವರು ಈಗ ನಮ್ಮನ್ನು ಒಳಗೆ ಬಿಡುವುದಿಲ್ಲ. ನೆಲ ಒಡೆದು ನೋಡಿ ಎಂದು ಕೇಳುವ ಹಕ್ಕು ನನಗಿಲ್ಲ. ಹಾಗಾಗಿ ಇದನ್ನು ಓದುವವರನ್ನು ಕೇಳುತ್ತಿದ್ದೇನೆ. 1982ರ ಮಾರ್ಚ್ 5, ಶುಕ್ರವಾರ ಮಧ್ಯಾಹ್ನ ಬೆಟಗೇರಿಯಲ್ಲಿ, ಕಪಾಟು ಬರುವ ಮೊದಲೇ ಒಂದು ಅಡುಗೆಮನೆಗೆ ಸುಣ್ಣ ಹೊಡೆದವರು ನೀವಾಗಿದ್ದರೆ, ಹೊಡೆಯಲು ಹೇಳಿದವರು ಯಾರೆಂದು ಬರೆಯಿರಿ. ಆ ಮನೆಯಿಂದ ಹಳೆಯ ಫರಸಿಗಳನ್ನು ಚಕ್ಕಡಿಯಲ್ಲಿ ಹೇರಿಕೊಂಡು ಹೋದವರಿದ್ದರೆ, ಎಷ್ಟು ಕಲ್ಲು ಎಂದು ಬರೆಯಿರಿ. ಕಲ್ಲು ಹೊರಗೆ ಬಂದೇ ಇರಲಿಲ್ಲ ಎಂದು ಬಲ್ಲವರಿದ್ದರಂತೂ ಖಂಡಿತ ಬರೆಯಿರಿ. ಉತ್ತರ ನನಗೆ ವಿರುದ್ಧವಾಗಿದ್ದರೂ ಈ ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಅದನ್ನು ಓದುವಾಗ ಅಪ್ಪ ಚಷ್ಮಾ ಹಾಕಿಕೊಂಡಿರುತ್ತಾನೆ. ಅಕ್ಷರ ಸ್ವಲ್ಪ ದೊಡ್ಡದಾಗಿರಲಿ.